ಕಾರಿಗೆ ಪಿಕಪ್ ಇಲ್ಲವೇ? ಪಾರ್ಟ್ ಬದಲಿಸುವ ಮೊದಲು ಇದನ್ನು ನೋಡಿ

ಪಿಕಪ್ ಇಲ್ಲ ಅಂತ ಗ್ಯಾರೇಜಿಗೆ ಹೋದರೆ ಎಷ್ಟೋ ಕಡೆ ಮೊದಲು ಪ್ಲಗ್ ಬದಲಿಸುತ್ತಾರೆ, ಆಮೇಲೆ ಇಂಜೆಕ್ಟರ್ ಕ್ಲೀನಿಂಗ್ ಅನ್ನುತ್ತಾರೆ, ಕೊನೆಗೆ ಫ್ಯೂಯೆಲ್ ಪಂಪ್. ಬಿಲ್ ಬೆಳೆಯುತ್ತದೆ, ತೊಂದರೆ ಹಾಗೇ ಇರುತ್ತದೆ. ಊಹೆ ಮೇಲೆ ಒಂದು ಪಾರ್ಟನ್ನೂ ಹಾಕಿಸಬೇಡಿ. ಮೊದಲು ಒಂದೇ ವಿಷಯ ಗಮನಿಸಿ: ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿಯೂ ಕಾರು ಓಡುತ್ತಿಲ್ಲವಾ, ಅಥವಾ ಎಂಜಿನ್ನೇ ಏರುತ್ತಿಲ್ಲವಾ? ಇವೆರಡೂ ಬೇರೆ ಬೇರೆ ರೋಗ. (ನಾನು ಹೇಳುತ್ತಿರುವುದು ವ್ಯಾಗನ್ ಆರ್, ಸ್ವಿಫ್ಟ್, ಐ10, ಟಿಯಾಗೊ ತರದ, ಟರ್ಬೊ ಇಲ್ಲದ ಮ್ಯಾನುಯಲ್ ಪೆಟ್ರೋಲ್ ಕಾರುಗಳ ಬಗ್ಗೆ.)

ಸದ್ದು ಏರಿಯೂ ಕಾರಿನ ವೇಗ ಏರದಿದ್ದರೆ ಕ್ಲಚ್ ನೋಡಿ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗಕ್ಕೆ ಬಂದು ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಒಮ್ಮೆಲೇ ಮೇಲೆ ಜಿಗಿದು ಸ್ಪೀಡೋಮೀಟರ್ ಮಾತ್ರ ನಿಧಾನಕ್ಕೆ ಏರಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಘಾಟಿ ಹತ್ತುವಾಗ ಸುಟ್ಟ ವಾಸನೆ ಬಂದರಂತೂ ಹೆಚ್ಚು ಅನುಮಾನ ಬೇಡ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್‌ನಲ್ಲೇ ಕಾರು ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದರೆ ಪ್ಲೇಟ್ ಬೇಗ ಸವೆಯುತ್ತದೆ. ಕೇಬಲ್ ಕ್ಲಚ್ ಆಗಿದ್ದರೆ ಪೆಡಲ್ ಫ್ರೀ ಪ್ಲೇ (ಕ್ಲಚ್ ಕೆಲಸ ಶುರು ಮಾಡುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವ ಅಂತರ) ಸರಿ ಇದೆಯಾ ಅಂತ ಮೊದಲು ನೋಡಿಸಿ, ಕೆಲವೊಮ್ಮೆ ಅಷ್ಟರಲ್ಲೇ ಮುಗಿಯುತ್ತದೆ.

ಬ್ರೇಕ್ ಬಿಟ್ಟ ಮೇಲೂ ಅದು ಚಕ್ರವನ್ನು ಹಿಡಿದುಕೊಂಡೇ ಇದ್ದರೆ ಆಗಲೂ ಕಾರು ಎಳೆಯುವುದಿಲ್ಲ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಬಹಳ ದಿನ ನಿಲ್ಲಿಸಿದ ಕಾರುಗಳಲ್ಲಿ ಇದು ಜಾಸ್ತಿ. ಬ್ರೇಕ್ ಕಡಿಮೆ ಬಳಸಿ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ ಅದೇ ಕಳ್ಳ. ಟೈರಿನ ಗಾಳಿಯನ್ನೂ ಆಗಲೇ ನೋಡಿಬಿಡಿ.

ಎಂಜಿನ್ನೇ ಏರುತ್ತಿಲ್ಲ ಅಂದರೆ ಮೊದಲು ದುಡ್ಡು ಖರ್ಚಿಲ್ಲದ ಕೆಲಸ. ಮ್ಯಾಟ್ ಮಡಚಿಕೊಂಡು ಆಕ್ಸಿಲರೇಟರ್ ಕೆಳಗೆ ಸಿಕ್ಕಿದೆಯಾ ನೋಡಿ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ನೋಡಿ, ಬೆಚ್ಚಗಿನ ಜಾಗ ಅಂತ ಇಲಿ ಅಲ್ಲೇ ಗೂಡು ಕಟ್ಟಿರುವುದುಂಟು, ಜೊತೆಗೆ ಪಕ್ಕದ ವೈರ್‌ಗಳನ್ನೂ ಕಡಿದಿರುತ್ತದೆ. ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪಿನಲ್ಲಿ ಬಿರುಕಿದೆಯಾ ಅಂತ ಬಗ್ಗಿಸಿ ನೋಡಿ.

ಈಗ ಮಿಸ್‌ಫೈರ್, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಇದಕ್ಕೆ ಸ್ವಲ್ಪ ಸಮಯ ಕೊಡಿ, ಯಾಕೆಂದರೆ ಮೂರು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಕೆಲಸ ಮಾಡದಿದ್ದರೆ ಮೂರರಲ್ಲಿ ಒಂದು ಭಾಗದಷ್ಟು ಶಕ್ತಿ ಹೋದಂತೆ ಅಲ್ವಾ? ಗಾಡಿ ನಿಂತಲ್ಲೇ ನಡುಗುತ್ತದೆ, ಎಳೆಯುವಾಗ ಜರ್ಕ್ ಹೊಡೆಯುತ್ತದೆ. ಸ್ಟೇರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸಾಕೆಟ್) ಸಣ್ಣ ಬ್ಲೂಟೂತ್ ಸ್ಕ್ಯಾನರ್ ಹಾಕಿ ಫೋನಿನಲ್ಲೇ ಕೋಡ್ ಓದಬಹುದು. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು. ಪಿ0301 ಬಂದಿದ್ದು, ಪ್ರತಿ ಸಿಲಿಂಡರಿಗೂ ಒಂದು ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಭಾಗ) ಇರುವ ಎಂಜಿನ್ ಆಗಿದ್ದರೆ, ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ, ಒಂದನೇ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ ಅದಲು ಬದಲು ಮಾಡಿ, ಕೋಡ್ ಅಳಿಸಿ, ಮತ್ತೆ ಓಡಿಸಿ. ಈಗ ಪಿ0302 ಬಂದರೆ ಕಾಯಿಲ್ ಹೋಗಿದೆ, ಅದೊಂದನ್ನೇ ಬದಲಿಸಿ ಸಾಕು. ಕೋಡ್ ಪಿ0301ರಲ್ಲೇ ಉಳಿದರೆ ಪ್ಲಗ್ಗನ್ನೂ ಹೀಗೇ ಅದಲು ಬದಲು ಮಾಡಿ ನೋಡಿ, ಆಗಲೂ ಕದಲದಿದ್ದರೆ ಇಂಜೆಕ್ಟರ್, ವೈರಿಂಗ್ ಅಥವಾ ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಕಡೆ ಹೋಗಬೇಕು. ಬಿಚ್ಚಿದ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣ ಇದ್ದರೆ ಒಳ್ಳೆಯದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿರಬಹುದು, ಆಯಿಲ್ ಹತ್ತಿದ್ದರೆ ಬೇರೆಯೇ ಕಥೆ.

ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಮಾತ್ರ ಗಾಡಿಯನ್ನು ಹಾಗೇ ಓಡಿಸುತ್ತಾ ಹೋಗಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರ್ ಲೈನಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಸುಟ್ಟು ಅದನ್ನೇ ಹಾಳು ಮಾಡುತ್ತದೆ.

ಕೋಡ್ ಪಿ0171 ಬಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಅಂತ ಅರ್ಥ. ಗಾಳಿ ಎಲ್ಲೋ ಸೋರಿ ಒಳಗೆ ಬರುತ್ತಿರಬಹುದು, ಅಥವಾ ಪೆಟ್ರೋಲ್ ಪ್ರೆಷರ್ ಕಡಿಮೆ ಇರಬಹುದು. ಪ್ರೆಷರನ್ನು ಗೇಜ್ ಹಾಕಿ ಅಳೆದ ಮೇಲೆಯೇ ಪಂಪ್ ಬದಲಿಸಲು ಒಪ್ಪಿಕೊಳ್ಳಿ. ಆ ಕೆಲಸ ಮನೆಯಲ್ಲಿ ಬೇಡ, ಬೆಂಕಿಯ ಅಪಾಯ ಇದೆ. ಇ20 ಪೆಟ್ರೋಲ್ (ಶೇ. 20 ಎಥನಾಲ್ ಬೆರೆಸಿದ್ದು) ಮೇಲೆ ತಪ್ಪು ಹೊರಿಸುವವರು ಬಹಳ. ಅದರಿಂದ ಮೈಲೇಜ್ ಸ್ವಲ್ಪ ಇಳಿಯುತ್ತದೆ ನಿಜ, ಆದರೆ ನಿನ್ನೆ ಚೆನ್ನಾಗಿದ್ದ ಪಿಕಪ್ ಇವತ್ತು ಪೂರ್ತಿ ಬಿದ್ದುಹೋಗಿದ್ದರೆ ಬೇರೆ ಕಾರಣ ಹುಡುಕಿ.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಮಂಗಳೂರಿಗಿಂತ ಹತ್ತಿರ ಹತ್ತಿರ ಶೇ. 10 ಕಡಿಮೆ ಶಕ್ತಿ ಕೊಡುತ್ತದೆ. ಊಟಿಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಹೋಲಿಸುವುದಿದ್ದರೆ ಅದೇ ರಸ್ತೆ, ಅಷ್ಟೇ ಜನ, ಎಸಿ ಆಫ್ ಇಟ್ಟು ಹೋಲಿಸಿ.

ಕಡಿಮೆ ವೇಗದಲ್ಲಿ ಸರಿ ಇದ್ದು, ಆರ್‌ಪಿಎಂ ಮೇಲೇರಿದಾಗ ಉಸಿರುಗಟ್ಟಿದಂತೆ ಆದರೆ ಕನ್ವರ್ಟರ್ ಕಟ್ಟಿಕೊಂಡಿರಬಹುದು. ಒಳಗಿನದನ್ನು ಒಡೆದು ತೆಗೆದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಿಸಬೇಡಿ, ಆ ಹೊಗೆ ನಮ್ಮ ಮಕ್ಕಳೇ ಕುಡಿಯುವುದು. ಹೊಸದು ಹಾಕಿಸುವ ಮೊದಲು ಹಳೆಯದು ಯಾಕೆ ಕಟ್ಟಿತು ಅಂತ ಕಂಡುಹಿಡಿಸಿ. ಮಿಸ್‌ಫೈರ್ ಅಥವಾ ಆಯಿಲ್ ಸುಡುವುದು ಉಳಿದಿದ್ದರೆ ಹೊಸ ಕನ್ವರ್ಟರ್ ಕೂಡ ಬಾಳುವುದಿಲ್ಲ.