ಜಾಂಗೋ ಸಿಗ್ನಲ್: ರೆಕಾರ್ಡ್ ಸೇವ್ ಆದಾಗ ನಮ್ಮ ಕೋಡ್ ಓಡಿಸಿದ ಬಗೆ

ಪುಸ್ತಕದ ಅಂಗಡಿಯೊಂದರ ಆರ್ಡರ್ ನೋಡಿಕೊಳ್ಳುವ ಸಾಫ್ಟ್‌ವೇರನ್ನು ಜಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಬರೆದಿದ್ದೇನೆ. ಹೊಸ ಆರ್ಡರ್ ಬಂದರೆ ಗಿರಾಕಿಗೆ ಎಸ್ಸೆಮ್ಮೆಸ್ ಹೋಗಬೇಕು. ಪುಸ್ತಕದ ಬೆಲೆ ಬದಲಾದರೆ ಸರ್ಚ್ ಇಂಡೆಕ್ಸ್‌ನಲ್ಲೂ ಬದಲಾಗಬೇಕು. ಆರ್ಡರ್ ವೆಬ್‌ಸೈಟಿನಿಂದ ಬರಬಹುದು, ಅಡ್ಮಿನ್ ಪುಟದಿಂದ ಬರಬಹುದು, ಮೊಬೈಲ್ ಆಪ್‌ನಿಂದಲೂ ಬರಬಹುದು. ಎಲ್ಲ ಕಡೆ ಅದೇ ಕೋಡ್ ಯಾಕೆ ಬರೆಯಬೇಕು ಅಂತ ಸಿಗ್ನಲ್ ಬಳಸಿದೆ. ರೆಕಾರ್ಡ್ ಸೇವ್ ಆಗುವಂಥ ಘಟನೆ ನಡೆದಾಗ, ನಾವು ಅದಕ್ಕೆ ಕಟ್ಟಿಟ್ಟ ಫಂಕ್ಷನನ್ನು ಜಾಂಗೋ ತಾನೇ ಕರೆಯುವ ವ್ಯವಸ್ಥೆ ಇದು.

ಕಟ್ಟುವುದು ಸುಲಭ. ಸೇವ್ ಆಗುವ ಮುಂಚೆ ಪ್ರೀ-ಸೇವ್, ಆದ ಮೇಲೆ ಪೋಸ್ಟ್-ಸೇವ್. ಅಳಿಸುವಾಗಲೂ ಹೀಗೇ ಎರಡು. ನನ್ನ ಫಂಕ್ಷನ್‌ಗಳನ್ನು ಬೇರೆ ಫೈಲಿನಲ್ಲಿಟ್ಟು, ಆಪ್‌ಕಾನ್ಫಿಗ್‌ನ ರೆಡಿ ಮೆಥಡ್‌ನಲ್ಲಿ (ಆಪ್ ಶುರುವಾಗುವಾಗ ಓಡುವುದು) ಇಂಪೋರ್ಟ್ ಮಾಡುತ್ತೇನೆ. ಆ ಇಂಪೋರ್ಟ್ ಇಲ್ಲದಿದ್ದರೆ ಎರರ್ ಏನೂ ಬರುವುದಿಲ್ಲ, ಕೋಡ್ ಸುಮ್ನೆ ಓಡುವುದಿಲ್ಲ. ಯಾವ ಮಾಡೆಲ್ (ಡೇಟಾಬೇಸ್‌ನ ಒಂದು ಟೇಬಲ್‌ಗೆ ಸಮನಾದ ಕ್ಲಾಸ್) ಅಂತ ಸೆಂಡರ್‌ನಲ್ಲಿ ಹೇಳಲೇಬೇಕು. ಹೇಳದಿದ್ದರೆ ಸೆಷನ್ (ಬಳಕೆದಾರರ ಭೇಟಿಯ ಮಾಹಿತಿ) ಸೇವ್ ಆದರೂ ನಮ್ಮ ಫಂಕ್ಷನ್ ಓಡುತ್ತದೆ.

ಫಂಕ್ಷನ್‌ನ ಮೊದಲ ಸಾಲಲ್ಲೇ ಸಿಗ್ನಲ್ ಜೊತೆ ಬರುವ ಎರಡು ವಿಷಯ ನೋಡುತ್ತೇನೆ. 'ಕ್ರಿಯೇಟೆಡ್' ನಿಜವಾಗಿದ್ದರೆ ಮಾತ್ರ ಹೊಸ ಆರ್ಡರ್. 'ರಾ' ನಿಜವಾಗಿದ್ದರೆ ಫಿಕ್ಸ್ಚರ್ (ಫೈಲಿನಲ್ಲಿಟ್ಟ ಸಿದ್ಧ ಡೇಟಾ) ಲೋಡ್ ಆಗುತ್ತಿದೆ ಅಂತ ಅರ್ಥ, ಅಲ್ಲಿಂದಲೇ ವಾಪಸ್. ಇಲ್ಲದಿದ್ದರೆ ಹಳೇ ಡೇಟಾ ತುಂಬುವಾಗ ಎಲ್ಲರಿಗೂ ಎಸ್ಸೆಮ್ಮೆಸ್ ಹೋಗುತ್ತದೆ!

ನಾನು ಜಾಸ್ತಿ ಗಮನ ಕೊಟ್ಟಿದ್ದು ಕಮಿಟ್ (ಬದಲಾವಣೆ ಡೇಟಾಬೇಸ್‌ನಲ್ಲಿ ಖಾಯಂ ಆಗುವುದು) ವಿಷಯಕ್ಕೆ. ಪೋಸ್ಟ್-ಸೇವ್ ಬಂತು ಅಂದರೆ ಡೇಟಾಬೇಸ್‌ನಲ್ಲಿ ಕಮಿಟ್ ಆಗಿದೆ ಅಂತಲ್ಲ. ನಮ್ಮಲ್ಲಿ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಒಟ್ಟಿಗೇ ಖಾಯಂ ಆಗುವ, ಇಲ್ಲವೇ ಒಟ್ಟಿಗೇ ರದ್ದಾಗುವ ಬದಲಾವಣೆಗಳ ಗುಂಪು) ಮೊದಲು ಆರ್ಡರ್ ಸೇವ್ ಆಗುತ್ತದೆ, ಆಮೇಲೆ ಅದರೊಳಗಿನ ಒಂದೊಂದೇ ಪುಸ್ತಕದ ಸಾಲು. ಆರ್ಡರ್‌ನ ಸಿಗ್ನಲ್ ಬರುವ ಹೊತ್ತಿಗೆ ಆ ಸಾಲುಗಳು ಇನ್ನೂ ಇಲ್ಲ. ಆಗಲೇ ಮೊತ್ತ ಕೂಡಿದರೆ ಸಿಗುವುದು 0. ಸೆಲರಿ (ಹಿನ್ನೆಲೆಯಲ್ಲಿ ಕೆಲಸ ಮಾಡಿಸುವ ಟೂಲ್) ವರ್ಕರ್‌ಗೆ ಆಗಲೇ ಕೆಲಸ ಕಳಿಸಿದರೆ, ಕಮಿಟ್ ಆಗುವ ಮುಂಚೆ ಹುಡುಕಿ 'ಆ ಆರ್ಡರೇ ಇಲ್ಲ' ಅಂದುಬಿಡಬಹುದು. ಅದಕ್ಕೇ ಸಿಗ್ನಲ್ ಒಳಗೆ ನಾನು ಮಾಡುವುದು ಒಂದೇ ಕೆಲಸ: ಟ್ರಾನ್ಸಾಕ್ಷನ್‌ನ ಆನ್-ಕಮಿಟ್‌ಗೆ (ಕಮಿಟ್ ಆದ ಮೇಲೆ ಓಡಬೇಕಾದ್ದನ್ನು ಕೊಡುವ ಜಾಗ) ಆರ್ಡರ್‌ನ ಐಡಿ ಜೊತೆ ಸೆಲರಿ ಟಾಸ್ಕ್ ಒಪ್ಪಿಸುವುದು. ಜಾಂಗೋ 1.9ರಿಂದ ಈ ಸೌಲಭ್ಯ ಇದೆ. ರೋಲ್‌ಬ್ಯಾಕ್ ಆದರೆ (ಬದಲಾವಣೆ ರದ್ದಾದರೆ) ಟಾಸ್ಕ್ ಹೋಗುವುದೇ ಇಲ್ಲ. ಸಿಗ್ನಲ್ ತಾನಾಗಿ ಹಿನ್ನೆಲೆಯಲ್ಲಿ ಓಡುವ ವಸ್ತುವಲ್ಲ, ಸೇವ್ ಮಾಡಿದ ರಿಕ್ವೆಸ್ಟ್‌ನಲ್ಲೇ ಓಡುತ್ತದೆ. ಎಸ್ಸೆಮ್ಮೆಸ್ ಗೇಟ್‌ವೇ ನಿಧಾನವಾದರೆ ಗಿರಾಕಿ ಪುಟ ತೆರೆಯಲಿ ಅಂತ ಕಾಯುತ್ತಾ ಕೂರಬೇಕಾಗುತ್ತದೆ, ಅಲ್ವಾ? ಸೆಲರಿ ಬೇಕಾಗಿದ್ದು ಇದಕ್ಕೂ.

ಬೆಲೆ ವಿಷಯ ಬೇರೆ. ಪ್ರಕಾಶಕರು ದರ ಏರಿಸಿದಾಗ ಅವರ ಎಲ್ಲ ಪುಸ್ತಕಗಳ ಬೆಲೆಯನ್ನು ಕ್ವೆರಿಸೆಟ್‌ನ (ಆಯ್ದ ರೆಕಾರ್ಡ್‌ಗಳ ಗುಂಪು) ಅಪ್‌ಡೇಟ್‌ನಿಂದ ಒಂದೇ ಏಟಿಗೆ ಬದಲಿಸುತ್ತೇವೆ. ಅಪ್‌ಡೇಟ್, ಬಲ್ಕ್-ಕ್ರಿಯೇಟ್, ಬಲ್ಕ್-ಅಪ್‌ಡೇಟ್ ಇವು ಯಾವುವೂ ಸೇವ್ ಸಿಗ್ನಲ್ ಕಳಿಸುವುದಿಲ್ಲ. ಕ್ವೆರಿಸೆಟ್‌ನ ಡಿಲೀಟ್ ಮಾತ್ರ ಒಂದೊಂದು ರೆಕಾರ್ಡ್‌ಗೂ ಅಳಿಸುವ ಸಿಗ್ನಲ್ ಕಳಿಸುತ್ತದೆ. ಹಾಗಾಗಿ ದರ ಏರಿಸುವ ಫಂಕ್ಷನ್‌ನಲ್ಲೇ ಇಂಡೆಕ್ಸ್ ಸರಿಮಾಡುವ ಟಾಸ್ಕನ್ನು ನೇರವಾಗಿ ಕರೆದಿದ್ದೇನೆ.

ಸ್ಟಾಕ್ ಇಳಿಸುವ ಲೆಕ್ಕವನ್ನು ಸಿಗ್ನಲ್‌ಗೆ ಹಾಕಲೇ ಇಲ್ಲ. ಅದು ಅಂಗಡಿಯ ಮುಖ್ಯ ಕೆಲಸ. ಕೋಡ್ ಓದುವವರಿಗೆ ಆರ್ಡರ್ ಫಂಕ್ಷನ್‌ನಲ್ಲೇ ಕಣ್ಣಿಗೆ ಕಾಣಬೇಕು. ಜಾಂಗೋ ದಾಖಲೆಯೂ ಸಾಧ್ಯವಾದಲ್ಲಿ ಫಂಕ್ಷನ್ ನೇರ ಕರೆಯಿರಿ ಎಂದೇ ಹೇಳುತ್ತದೆ.

ಟೆಸ್ಟ್ ಬರೆಯುವವರಿಗೆ ಒಂದು ಮಾತು. ಜಾಂಗೋದ ಟೆಸ್ಟ್‌ಕೇಸ್ ಪ್ರತಿ ಟೆಸ್ಟನ್ನೂ ಟ್ರಾನ್ಸಾಕ್ಷನ್‌ನಲ್ಲಿ ಸುತ್ತಿ ಕೊನೆಗೆ ರೋಲ್‌ಬ್ಯಾಕ್ ಮಾಡುತ್ತದೆ. ಹಾಗಾಗಿ ಆನ್-ಕಮಿಟ್‌ಗೆ ಕೊಟ್ಟಿದ್ದು ಅಲ್ಲಿ ಓಡುವುದಿಲ್ಲ. ಜಾಂಗೋ 3.2ರಿಂದ ಬಂದ 'ಕ್ಯಾಪ್ಚರ್ ಆನ್ ಕಮಿಟ್ ಕಾಲ್‌ಬ್ಯಾಕ್ಸ್' ಬಳಸಿ, ಎಕ್ಸಿಕ್ಯೂಟ್ ಟ್ರೂ ಅಂತ ಕೊಟ್ಟರೆ ಓಡುತ್ತದೆ.