ವಾಯ್ಸ್ ಮೆಸೇಜ್ ಕೋರ್ಟಿನಲ್ಲಿ ನಿಲ್ಲಬೇಕಾ? ಮೊದಲು ಅದನ್ನು ಮುಟ್ಟಬೇಡಿ

"ಹೌದು, ನಿಮ್ಮ ದುಡ್ಡು ಕೊಡೋದಿದೆ, ಇನ್ನೊಂದು ತಿಂಗಳು ತಡ್ಕೊಳ್ಳಿ." ಸಾಲ ತಗೊಂಡವರು ಕಳಿಸಿದ ಈ ವಾಯ್ಸ್ ಮೆಸೇಜ್ ನಿಮ್ಮ ಫೋನಿನಲ್ಲಿದೆ. ಈಗ ಅವರು ಸಾಲವನ್ನೇ ಪಡೆದಿಲ್ಲ ಅನ್ನುತ್ತಿದ್ದಾರೆ. ಆಗ ಹೆಚ್ಚಿನವರು ಮಾಡುವುದೇನು? ಬೇಕಾದ ಹತ್ತು ಸೆಕೆಂಡು ಕತ್ತರಿಸಿ ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡುತ್ತಾರೆ. ಕೇಸು ಹದಗೆಡುವುದೇ ಅಲ್ಲಿ.

ಹಾಗಾಗಿ ಮೊದಲ ಹೆಜ್ಜೆ ಏನೂ ಮಾಡದಿರುವುದು. ಚಾಟ್ ಅಳಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜ್ ಆಫರ್ ಎಷ್ಟೇ ಚೆನ್ನಾಗಿದ್ದರೂ ಕೇಸು ಮುಗಿಯುವವರೆಗೆ ಆ ಫೋನು ನಿಮ್ಮ ಹತ್ತಿರವೇ ಇರಲಿ. ಯಾವ ನಂಬರಿನಿಂದ, ಯಾವತ್ತು, ಎಷ್ಟು ಗಂಟೆಗೆ ಬಂತು ಅಂತ ಒಂದು ಕಡೆ ಬರೆದಿಡಿ.

ಆಮೇಲೆ ಸರ್ಟಿಫಿಕೇಟ್. ಪೆನ್‌ಡ್ರೈವಿನಲ್ಲಿ ಕಾಪಿ ಕೊಟ್ಟರೆ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಅದರ ಜೊತೆ, ಕಾಪಿ ಯಾವ ಫೋನಿನಿಂದ ತೆಗೆದದ್ದು ಎಂದು ದೃಢೀಕರಿಸುವ ಸರ್ಟಿಫಿಕೇಟ್ ಇರಬೇಕು (ಹಳೆ ಸಾಕ್ಷ್ಯ ಕಾಯ್ದೆಯಲ್ಲಿ ಇದು 65ಬಿ ಸೆಕ್ಷನ್, ಹಳೆ ವಕೀಲರು ಈಗಲೂ ಹಾಗೇ ಕರೆಯುತ್ತಾರೆ). ಸರ್ಟಿಫಿಕೇಟಿನ ಎ ಭಾಗ ನೀವು ತುಂಬುವುದು, ಬಿ ಭಾಗ ತಜ್ಞರು. ಅದರಲ್ಲಿ ಫೈಲಿನ ಹ್ಯಾಷ್ ವ್ಯಾಲ್ಯೂ, ಅಂದರೆ ಫೈಲಿನಿಂದ ಸಾಫ್ಟ್‌ವೇರ್ ಲೆಕ್ಕ ಹಾಕಿ ಕೊಡುವ ಅಕ್ಷರ-ಅಂಕಿಗಳ ಸಾಲು, ಬರೆಯಬೇಕು. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದೇ ಒಂದು ಸೆಕೆಂಡು ಕತ್ತರಿಸಿದರೂ ಪೂರ್ತಿ ಬದಲಾಗುತ್ತದೆ. ಕತ್ತರಿ ಹಾಕಬೇಡಿ ಅಂದಿದ್ದು ಸುಮ್ನೆ ಅಲ್ಲ.

ಫೋನನ್ನೇ ತಂದು ಅದರ ಮಾಲೀಕರು ಸಾಕ್ಷಿ ಹೇಳಿದರೆ ಸರ್ಟಿಫಿಕೇಟ್ ಬೇಕಿಲ್ಲ ಎಂದು ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತ್ತು. ಅದು ಹಳೆ ಕಾಯ್ದೆಯ ಕಾಲದ ಮಾತು, ಅದನ್ನೇ ನಂಬಿ ಕೂರುವುದಕ್ಕಿಂತ ಸರ್ಟಿಫಿಕೇಟ್ ಮಾಡಿಸಿಟ್ಟುಕೊಳ್ಳುವುದೇ ಕ್ಷೇಮ.

"ಅದು ನನ್ನ ದನಿಯೇ ಅಲ್ಲ" ಅಂತ ಎದುರಿನವರು ಅಂದರೆ? ದನಿ ಯಾರದೆಂದು ಗುರುತಾಗಬೇಕು, ಮಾತು ಸ್ಪಷ್ಟವಾಗಿ ಕೇಳಬೇಕು, ತಿದ್ದಿಲ್ಲ ಎಂಬುದು ಖಚಿತವಾಗಬೇಕು, ಇವು ಸುಪ್ರೀಂ ಕೋರ್ಟಿನ 1985ರ ರಾಮ್ ಸಿಂಗ್ ತೀರ್ಪಿನಿಂದ ಬಂದ ಅಳತೆಗೋಲು. ಕ್ರಿಮಿನಲ್ ಕೇಸಾದರೆ ದನಿಯ ಮಾದರಿ ಕೊಡುವಂತೆ ಮ್ಯಾಜಿಸ್ಟ್ರೇಟ್ ಆದೇಶಿಸಬಹುದು.

ಹೇಳದೆ ರೆಕಾರ್ಡ್ ಮಾಡಿದ್ದು ನಡೆಯುತ್ತದಾ ಅಂತ ಜಾಸ್ತಿ ಜನ ಕೇಳುತ್ತಾರೆ. ಗಂಡ ಹೆಂಡತಿ ಕೇಸಿನಲ್ಲಿ ಅಂಥ ರೆಕಾರ್ಡಿಂಗನ್ನು ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಆದರೆ ನೀವು ಮಾತಾಡಿದ ಕಾಲ್ ಬೇರೆ, ಇನ್ನಿಬ್ಬರ ಕಾಲನ್ನು ಕದ್ದು ಟ್ಯಾಪ್ ಮಾಡುವುದು ಬೇರೆ. ಎರಡನೆಯದು ಅಪರಾಧ.

ಕೊನೆಗೆ, ಆಡಿದ ಮಾತನ್ನೆಲ್ಲ ಕಾಗದಕ್ಕೆ ಇಳಿಸಿ ವಕೀಲರಿಗೆ ಕೊಡಿ. ಇದ್ದದ್ದು ಇದ್ದ ಹಾಗೇ ಬರೆಯಿರಿ, ಬೈಗುಳವನ್ನೂ ಸೇರಿಸಿ. ನೀವು ಬೈದದ್ದನ್ನೂ.