ಆಶ್ಲೇಷ ಮಳೆಗೆ ಆ ಮನೆಗೆ ಹೋಗುತ್ತೇನೆ

2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿದು ಸುರಿದಾಗ ತುಂಗೆ ಉಕ್ಕಿ ಶಿವಮೊಗ್ಗ ಪೇಟೆಯ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಮೇಲೆ ತೀರ್ಥಹಳ್ಳಿ ಸೀಮೆಯಲ್ಲಿ ಧರೆ ಜರಿದು ತೋಟ, ಗದ್ದೆ ಮಣ್ಣಡಿ ಹೋಗಿದ್ದು ಅಷ್ಟಾಗಿ ಕಣ್ಣಿಗೆ ಬೀಳಲಿಲ್ಲ. ಆಪ್ತಸಮಾಲೋಚಕಿಯಾಗಿ ನಾನು ಹೋಗಿದ್ದು ಆ ಕಡೆಯ ಶಾಲೆಯೊಂದರಲ್ಲಿ ತೆರೆದಿದ್ದ ಗಂಜಿ ಕೇಂದ್ರಕ್ಕೆ.

ಮೊದಲ ದಿನವೇ ತಪ್ಪು ಮಾಡಿದೆ. ತೋಟ ಕಳೆದುಕೊಂಡ ಹಿರಿಯರೊಬ್ಬರ ಪಕ್ಕ ಕೂತು, ‘ಆ ರಾತ್ರಿ ಏನಾಯ್ತು ಹೇಳಿ’ ಅಂದೆ. ಹೇಳತೊಡಗಿದರು, ಕೈ ನಡುಗಿತು, ಅರ್ಧಕ್ಕೇ ಎದ್ದು ಹೊರಗೆ ಮಳೆಯಲ್ಲಿ ನಿಂತರು. ಆಘಾತದ ಬೆನ್ನಲ್ಲೇ ನಡೆದದ್ದನ್ನು ಬಾಯಿಬಿಡಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2011ರ ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ. ನೋಡು, ಕೇಳು, ಜೋಡಿಸು ಎಂಬುದು ಅದರ ಸೂತ್ರ. ಓದಿಕೊಂಡೇ ಹೋಗಿದ್ದೆ. ಆದರೂ ಕೆದಕಿದೆ.

ಮರುದಿನ ಅವರನ್ನು ಏನೂ ಕೇಳಲಿಲ್ಲ. ಅವರೇ ಕೇಳಿದರು: ‘ಕೊಟ್ಟಿಗೆಯ ದನ ಎಲ್ಲಿ ಹೋದ್ವೋ?’ ಇಬ್ಬರೂ ಹುಡುಕಲು ಹೊರಟೆವು. ಎರಡು ಸಿಕ್ಕವು. ಆಮೇಲೆ ಪರಿಹಾರದ ಅರ್ಜಿ ಬರೆದುಕೊಟ್ಟೆ, ಪಹಣಿ ನಕಲು ತರಿಸಿದೆ. ಆ ರಾತ್ರಿ ಅವರು ಸ್ವಲ್ಪ ನಿದ್ದೆ ಮಾಡಿದರು.

ಈಗ ಎಲ್ಲಿಗೇ ಹೋಗಲಿ, ಆಶಾ ಕಾರ್ಯಕರ್ತೆಯ ಜೊತೆ ಕೂತು ಮೊದಲು ಒಂದು ಪಟ್ಟಿ ಮಾಡುತ್ತೇನೆ: ಮೂರ್ಛೆರೋಗಕ್ಕೆ, ಮಾನಸಿಕ ಕಾಯಿಲೆಗೆ ಮಾತ್ರೆ ತಗೊಳ್ಳುತ್ತಿದ್ದವರು ಯಾರು, ಮಾತ್ರೆ ಕೈಲಿದೆಯೋ, ನೀರುಪಾಲಾಯಿತೋ? ಏಕಾಏಕಿ ನಿಂತರೆ ಫಿಟ್ಸ್ ಮರುಕಳಿಸಬಹುದು, ಹತೋಟಿಯಲ್ಲಿದ್ದ ಕಾಯಿಲೆ ಕೆರಳಬಹುದು. ಅಕ್ಕಿ, ಕಂಬಳಿಯ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ.

ಗಂಜಿ ಕೇಂದ್ರ ಮುಚ್ಚಿತು, ಬರುತ್ತಿದ್ದ ಜೀಪುಗಳೂ ನಿಂತವು. ನನಗೆ ನಿಜವಾದ ಕೆಲಸ ಸಿಕ್ಕಿದ್ದು ಆಮೇಲೆ, ಅಡಿಕೆ ಸುಲಿಯುವ ದಿನಗಳಲ್ಲಿ. ಮಲೆನಾಡಿನವರು ಎದುರಾಬದುರು ಕೂತು ಸಂಕಟ ಹೇಳಿಕೊಳ್ಳುವ ಪೈಕಿಯಲ್ಲ. ಮೆಟ್ಟುಗತ್ತಿಯ ಮುಂದೆ ಕೂತು, ಕಣ್ಣು ಅಡಿಕೆಯ ಮೇಲಿದ್ದಾಗ ಮಾತು ಬರುತ್ತದೆ. ಆ ಹಿರಿಯರು ಪಕ್ಕದ ಮನೆಗೆ ಸುಲಿಯಲು ಬಂದಿದ್ದರು. ಒಂದು ರಾತ್ರಿ ಅಂದರು: ‘ಅಪ್ಪ ಹಾಕಿದ ತೋಟ. ಈಗ ಸಸಿ ನೆಟ್ರೆ ಫಸಲಿಗೆ ಐದಾರು ವರ್ಷ. ಅಷ್ಟು ದಿನ ಇದ್ದು ಏನು ಮಾಡ್ಲಿ?’

ಸುತ್ತಿ ಬಳಸದೆ ನೇರವಾಗಿ ಕೇಳಿದೆ, ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಅವರು ಹೌದೆಂದು ತಲೆಯಾಡಿಸಿದರು. ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಲಿಲ್ಲ. ಅವರ ಒಪ್ಪಿಗೆಯಿಂದಲೇ ಹೆಂಡತಿಗೆ ತಿಳಿಸಿ, ಮನೆಯಲ್ಲಿದ್ದ, ತೋಟಕ್ಕೆ ಹೊಡೆಯುವ ವಿಷದ ಔಷಧಿಯನ್ನೆಲ್ಲ ತಮ್ಮನ ಮನೆಯ ಪೆಟ್ಟಿಗೆಗೆ ಸಾಗಿಸಿ ಬೀಗ ಹಾಕಿಸಿದೆವು. ಬೆಳಿಗ್ಗೆ ಮೊದಲ ಬಸ್ಸಿಗೆ ವೈದ್ಯರ ಬಳಿ ಕರೆದುಕೊಂಡು ಹೋದೆ. ಆಗ ಟೆಲಿ ಮಾನಸ್ ಇರಲಿಲ್ಲ. 2022ರಲ್ಲಿ ಶುರುವಾದ ಆ ಉಚಿತ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಗುಡ್ಡಗಳಲ್ಲಿ ಸಿಗ್ನಲ್ ಸಿಗುವ ಜಾಗವನ್ನೂ ಜನರಿಗೆ ತೋರಿಸಿಡಬೇಕು.

2020ರ ಆಗಸ್ಟ್‌ನಲ್ಲಿ, ಕೊರೊನಾ ನಡುವೆಯೇ, ಮಾಸ್ಕ್ ಹಾಕಿಕೊಂಡು ಅವರ ಮನೆಗೆ ಹೋದೆ. ಹಂಚಿನ ಮೇಲೆ ಮಳೆ ಜೋರಾದಂತೆಲ್ಲ ಅವರು ಎದ್ದು ಧರೆಯ ಕಡೆ ಬ್ಯಾಟರಿ ಬಿಟ್ಟು ನೋಡುತ್ತಿದ್ದರು. ನಾನೂ ಎದ್ದು ಜೊತೆಗೆ ನಿಂತೆ. ಅಂದಿನಿಂದ ಪ್ರತಿ ಆಶ್ಲೇಷ ಮಳೆಗೂ ಹೋಗುತ್ತೇನೆ. ಹೊಸ ಸಸಿಗಳು ಎದೆಯೆತ್ತರ ದಾಟಿವೆ. ಔಷಧಿ ಪೆಟ್ಟಿಗೆಯ ಬೀಗದ ಕೈ ಈಗಲೂ ತಮ್ಮನ ಮನೆಯಲ್ಲೇ ಇದೆ.